ಶರಪಂಜರದ ನೆರೆಯವರು

ಪುಟ್ಟಣ್ಣ ಕಣಗಾಲರ 'ಶರಪಂಜರ' ಚಿತ್ರ ತೆರೆಕಂಡದ್ದು 1971ರಲ್ಲಿ. ಅರ್ಧ ಶತಮಾನ ದಾಟಿದರೂ ಮುಂಬಯಿಯ ಕನ್ನಡ ಮನೆಗಳಲ್ಲಿ ಅದರ ಮಾತು ಇನ್ನೂ ನಿಂತಿಲ್ಲ. ಕಳೆದ ಮಳೆಗಾಲದ ಒಂದು ಭಾನುವಾರ ಭಾಂಡುಪ್‌ನ ನಮ್ಮ ಮನೆಯಲ್ಲಿ ನಾಲ್ಕು ಕುಟುಂಬಗಳವರು ಕೂಡಿ ಅದನ್ನು ಮತ್ತೊಮ್ಮೆ ನೋಡಿದೆವು. ಚಿತ್ರ ಮುಗಿದಾಗ ಹಿರಿಯರೆಲ್ಲ ಕಲ್ಪನಾ ಅವರ ಅಭಿನಯವನ್ನು ಕೊಂಡಾಡಿದರು. ಇಬ್ಬರು ಹಾಡು ಗುನುಗಿದರು. ಒಬ್ಬರು ಊರಿನ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಅದನ್ನು ನೋಡಿದ್ದನ್ನು ನೆನೆದರು. ಬಾಗಿಲ ಬಳಿ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು ಮಾತ್ರ, "ಆಂಟಿ, ಅವಳಿಗೆ ಗುಣ ಆಗಿತ್ತಲ್ಲ? ಮತ್ತೆ ಹಾಳು ಮಾಡಿದ್ದು ಯಾರು?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಚಹ ಬಂತು; ಮಾತು ಬೇರೆ ಕಡೆ ಹೊರಳಿತು.

ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ ಈ ಲೇಖನ.

ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಬರೆದ ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಪದವಿ ಪಡೆದವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡರು. ಅಷ್ಟು ಸಣ್ಣ ಆಯುಷ್ಯದಲ್ಲಿ ಕನ್ನಡದ ಸಾಮಾನ್ಯ ಓದುಗರಿಗೆ, ಅದರಲ್ಲೂ ಹೆಂಗಸರಿಗೆ, ಮನಸ್ಸಿನ ಕಾಯಿಲೆಯೂ ಮೈಯ ಕಾಯಿಲೆಯಂತೆ ಕಾಯಿಲೆಯೇ ಎಂದು ತಿಳಿಸಿಕೊಟ್ಟವರು ಅವರು. 'ಬೆಕ್ಕಿನ ಕಣ್ಣು' ಕಾದಂಬರಿಯಲ್ಲಿ ಬಾಲ್ಯದ ಭಯ ಬೆಳೆದು ರೋಗವಾಗುವುದನ್ನು ತೋರಿಸಿದರು. 'ಶರಪಂಜರ'ದಲ್ಲಿ ಅದಕ್ಕಿಂತ ಕಷ್ಟದ ಸಂಗತಿಯೊಂದನ್ನು ಎತ್ತಿಕೊಂಡರು. ಸತೀಶನ ಕೈಹಿಡಿದ ಕಾವೇರಿ ಬಾಣಂತಿಯಾದಾಗ ಬುದ್ಧಿಯ ಸ್ವಾಧೀನ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಗೆ ಹೋಗಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಸಾಧಾರಣ ಕಥೆಗಾರರಾಗಿದ್ದರೆ ಅಲ್ಲಿಗೆ ಮಂಗಳ ಹಾಡುತ್ತಿದ್ದರು. ತ್ರಿವೇಣಿಯವರ ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ. ಗುಣವಾಗಿ ಬಂದವಳನ್ನು ಮನೆ ನಂಬುವುದಿಲ್ಲ, ನೆರೆ ನಂಬುವುದಿಲ್ಲ, ಗಂಡ ನಂಬುವುದಿಲ್ಲ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ಕೊನೆಗೆ ಅವಳು ಮತ್ತೆ ಕಾಯಿಲೆಗೆ ಬೀಳುತ್ತಾಳೆ.

ಹೆಸರನ್ನೇ ಗಮನಿಸಿ. ಶರವಲ್ಲ, ಶರಪಂಜರ. ಅವಳನ್ನು ಕೆಡವಿದ್ದು ಯಾವುದೋ ಒಂದು ಬಾಣವಲ್ಲ. ಒಂದು ನೋಟ, ಒಂದು ಪಿಸುಮಾತು, ಒಂದು ಅರ್ಧ ನಗು, ಒಂದು ಮುಚ್ಚಿದ ಬಾಗಿಲು. ಒಂದೊಂದನ್ನೂ ಬಿಡಿಯಾಗಿ ತೆಗೆದುಕೊಂಡರೆ ತಡೆದುಕೊಳ್ಳಬಹುದಾದದ್ದೇ. ಎಲ್ಲವೂ ಸುತ್ತ ನಾಟಿಕೊಂಡಾಗ ಪಂಜರವಾಗುತ್ತದೆ.

ಇಷ್ಟು ಹೇಳಿದ ಮೇಲೆ ಚಿತ್ರದ ಮೇಲಿನ ನಮ್ಮ ಆಕ್ಷೇಪವನ್ನೂ ಹೇಳಬೇಕು. ಪುಟ್ಟಣ್ಣನವರು ದೊಡ್ಡ ನಿರ್ದೇಶಕರು. ಕಲ್ಪನಾ ಅಸಾಧಾರಣ ನಟಿ. ಅವರ ಅಭಿನಯದ ಬಲವೇ ನಮಗೆ ಒಂದು ತಪ್ಪು ಪಾಠವನ್ನೂ ಕಲಿಸಿತು. ಮನಸ್ಸಿನ ಕಾಯಿಲೆ ಎಂದರೆ ಕೆದರಿದ ಕೂದಲು, ಚೀರಾಟ, ಅಟ್ಟಹಾಸ ಎಂಬ ಚಿತ್ರ ನಮ್ಮ ತಲೆಯಲ್ಲಿ ಕುಳಿತುಬಿಟ್ಟಿತು. ನೆನಪಿನಲ್ಲಿ ಉಳಿದದ್ದು ಕೊನೆಯ ದೃಶ್ಯ. ಮರೆತದ್ದು ಅದಕ್ಕೆ ಕಾರಣವಾದ ನೂರು ಸಣ್ಣ ದೃಶ್ಯಗಳು. ಹೀಗಾಗಿ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತ ಹದಿನಾರರ ಹುಡುಗನನ್ನು ಕಂಡಾಗ ನಮಗೆ ಕಾವೇರಿಯ ನೆನಪಾಗುವುದಿಲ್ಲ. "ಸೋಮಾರಿ", "ಮೊಬೈಲ್ ಹುಚ್ಚು", "ಈ ವಯಸ್ಸೇ ಹಾಗೆ" ಎನ್ನುತ್ತೇವೆ.

ಹುಚ್ಚು ಎಂಬ ಶಬ್ದ ನಮ್ಮಲ್ಲಿ ಎಷ್ಟು ಅಗ್ಗ! ಭಾಂಡುಪ್‌ನಿಂದ ನಾಹೂರು, ಮುಲುಂಡ್ ಕಳೆದರೆ ಮೂರನೆಯ ಸ್ಟೇಷನ್ ಠಾಣೆ. ಅಲ್ಲಿಯ ಮಾನಸಿಕ ಆಸ್ಪತ್ರೆ 1901ರಷ್ಟು ಹಳೆಯದು. ಅದರಿಂದಾಗಿ "ಇವನನ್ನು ಠಾಣೆಗೆ ಕಳಿಸಬೇಕು" ಎಂಬ ಹಾಸ್ಯ ಇಲ್ಲಿ ಮಕ್ಕಳ ಬಾಯಲ್ಲೂ ಇದೆ. ಊರಿಗೆ ಹೋದರೆ ಅದೇ ಹಾಸ್ಯ ನಿಮ್ಹಾನ್ಸ್ ಹೆಸರಿನಲ್ಲಿ. ದಿನಕ್ಕೆ ಎರಡು ಬಾರಿ ಅದೇ ರೈಲಿನಲ್ಲಿ ಓಡಾಡುವ ಹುಡುಗ, ತನಗೇ ಏನೋ ಆಗುತ್ತಿದೆ ಎಂದು ಅನ್ನಿಸಿದಾಗ, ಯಾರ ಮುಂದೆ ಬಾಯಿ ಬಿಟ್ಟಾನು?

ಈಗ ಕಾದಂಬರಿಯನ್ನು ಬದಿಗಿಟ್ಟು ಲೆಕ್ಕದ ಮಾತಿಗೆ ಬರೋಣ. ನಾವು ಬಿ.ಎಸ್‌ಸಿ. ಓದಿದ್ದು ಹಳೆಯ ಮಾತಾದರೂ ಅಂಕಿಸಂಖ್ಯೆ ಕಂಡರೆ ನಿಂತು ನೋಡುವ ಚಪಲ ಹೋಗಿಲ್ಲ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಹಳ್ಳಿಗಳಲ್ಲಿ ಅದು 6.9, ಮಹಾನಗರಗಳಲ್ಲಿ 13.5, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಹುಡುಗ ಹುಡುಗಿಯರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಸಮೀಕ್ಷೆ ನಡೆದದ್ದು ಹನ್ನೆರಡು ರಾಜ್ಯಗಳಲ್ಲಿ. ನಾವು ಬಿಟ್ಟುಬಂದ ಕರ್ನಾಟಕವೂ ಅವುಗಳಲ್ಲಿ ಇರಲಿಲ್ಲ, ನಾವು ನೆಲೆಸಿದ ಮಹಾರಾಷ್ಟ್ರವೂ ಇರಲಿಲ್ಲ. 2021ರಲ್ಲಿ ದೇಶದಲ್ಲಿ 13,089 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂದು ಕೇಂದ್ರ ಸರಕಾರದ ಅಪರಾಧ ದಾಖಲೆಗಳ ಬ್ಯೂರೋ ಹೇಳಿತು. ರಾಜ್ಯವಾರು ಪಟ್ಟಿಯಲ್ಲಿ ಮೊದಲು ನಿಂತದ್ದು ಮಹಾರಾಷ್ಟ್ರ.

ನಮ್ಮ ಉತ್ತರ ಕನ್ನಡಕ್ಕೆ ಬಹು ಹತ್ತಿರದ ಗೋವೆಯಲ್ಲಿ ನಡೆದ ಇನ್ನೊಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. 12ರಿಂದ 16 ವಯಸ್ಸಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ವೈದ್ಯರಿಗೆ ಅಲ್ಲಿ ಸಿಕ್ಕಿದ ಪ್ರಮಾಣ ನೂರಕ್ಕೆ ಎರಡಕ್ಕಿಂತ ಕಡಿಮೆ. ಅಳತೆಯ ಕ್ರಮ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ. ಆದ್ದರಿಂದ ಎರಡನ್ನೂ ಪಕ್ಕದಲ್ಲಿಟ್ಟು ಜಗಳವಾಡುವುದು ಬೇಡ. ನಮಗೆ ಮುಖ್ಯವಾದದ್ದು ಬೇರೆ. ತೊಂದರೆಗೊಳಗಾದ ಮಕ್ಕಳ ಬದುಕಿನಲ್ಲಿ ಹೆಚ್ಚಾಗಿ ಕಂಡದ್ದೇನು? ಓದಿನಲ್ಲಿ ಕಷ್ಟ, ಸುತ್ತ ನಿರ್ಭಯವಾದ ವಾತಾವರಣ ಇಲ್ಲದಿರುವುದು, ಹೊಡೆತ ಮತ್ತು ಬೈಗುಳ, ತಂಬಾಕು. ಕಷ್ಟ ಬಂದಾಗ ಮೊದಲ ಆಸರೆ ತನ್ನ ಮನೆಯವರೇ ಎಂದು ಹೇಳಿದ ಮಕ್ಕಳಲ್ಲಿ ತೊಂದರೆ ಕಡಿಮೆ ಇತ್ತು. ಬೈಗುಳವನ್ನು ವೈದ್ಯರು ಹೊಡೆತದ ಜೊತೆಗೆ ಎಣಿಸಿದ್ದಾರೆ ಎಂಬುದನ್ನು ಓದುಗರು ಗಮನಿಸಬೇಕು. ನಮ್ಮಲ್ಲಿ ಎಷ್ಟೋ ತಂದೆಯರು "ಒಂದು ದಿನವೂ ಕೈ ಎತ್ತಿದವನಲ್ಲ" ಎಂದು ಎದೆ ತಟ್ಟಿ ಹೇಳುತ್ತೇವೆ. ನಾಲಿಗೆಯ ಲೆಕ್ಕ ಯಾರೂ ಇಡುವುದಿಲ್ಲ.

ತಂದೆತಾಯಿಯರನ್ನೇ ಎಲ್ಲಕ್ಕೂ ಹೊಣೆ ಮಾಡುವುದೂ ಅನ್ಯಾಯ. ವಂಶದಿಂದ ಬರುವ ಪಾಲು ಉಂಟು. ಬಡತನದ ಪಾಲು ಉಂಟು. ಶಾಲೆಯಲ್ಲಿ ಜೊತೆಯವರ ಪೀಡನೆ, ನಿದ್ರೆ ಕೆಡುವುದು, ಮನೆಯಲ್ಲಿ ಕುಡಿತ, ಹತ್ತಿರದವರ ಸಾವು, ಇವೆಲ್ಲ ಉಂಟು. ಹೆಚ್ಚಿನ ಮಾನಸಿಕ ತೊಂದರೆಗಳು ಮೊದಲು ಕಾಣಿಸಿಕೊಳ್ಳುವುದೇ ಎಳೆಯ ವಯಸ್ಸಿನಲ್ಲಿ. ಸುಮಾರು ಮೂರರಲ್ಲಿ ಒಂದು ಪಾಲು ಹದಿನಾಲ್ಕು ತುಂಬುವ ಮೊದಲೇ ಶುರುವಾಗುತ್ತದೆಂದು ಲೋಕದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಹೇಳಿದ್ದಾರೆ. ಯಾವ ಒಂದು ಕಾರಣವೂ ತಾನೇ ಪೂರ್ತಿ ಕಾರಣವಲ್ಲ. ಕೂಡಿಕೊಂಡಷ್ಟೂ ಭಾರ ಹೆಚ್ಚು. ವಿಜ್ಞಾನ ಇಂದು ಅಂಕಿ ಹಾಕಿ ಹೇಳುವುದನ್ನು ತ್ರಿವೇಣಿಯವರು ಪುಸ್ತಕದ ಹೆಸರಿನಲ್ಲೇ ಹೇಳಿದ್ದರು. ಪಂಜರದ ಎಲ್ಲ ಬಾಣಗಳನ್ನೂ ಕೀಳಲು ನಮ್ಮಿಂದಾಗದು. ನಾವೇ ಬಿಟ್ಟವುಗಳನ್ನು ಕೀಳಬಹುದಲ್ಲ?

ಮುಂಬಯಿಯ ಬದುಕನ್ನು ಬಲ್ಲ ಇನ್ನೊಬ್ಬ ಲೇಖಕರನ್ನು ಇಲ್ಲಿ ನೆನೆಯಬೇಕು. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು. ಹನೇಹಳ್ಳಿಯಿಂದ ಈ ನಗರಕ್ಕೆ ಬಂದು, ಇಲ್ಲಿಯ ಕಂಪನಿಯಲ್ಲಿ ದುಡಿದು, ಇಲ್ಲಿಯೇ ಬದುಕಿದ ಚಿತ್ತಾಲರಿಗೆ ಮುಂಬಯಿ ಒಂದು ದೃಶ್ಯವಲ್ಲ, ಒತ್ತಡ. ಅವರ ನಾಗಪ್ಪನ ಮೇಲೆ ಆರೋಪ ಬರುತ್ತದೆ. ಆರೋಪ ಏನೆಂದು ಅವನಿಗೆ ತಿಳಿಯುವುದಿಲ್ಲ. ತಿಳಿಯದಿರುವುದೇ ಅವನನ್ನು ಅಗೆದು ತಿನ್ನುತ್ತದೆ. ಬಾಲ್ಯದ ಹಳೆಯ ಗಾಯಗಳು ಒಂದೊಂದಾಗಿ ಬಾಯಿ ತೆರೆಯುತ್ತವೆ. ವಿಮರ್ಶಕರು ಇದನ್ನು ದೊಡ್ಡ ಕಂಪನಿಗಳ ಕ್ರೌರ್ಯದ ಕಥೆಯೆಂದು ಓದಿದ್ದಾರೆ. ಸರಿಯೇ. ಆದರೆ ನಾವು ಕೇಂದ್ರ ಸರಕಾರದ ಗುಮಾಸ್ತರು. ನಮ್ಮಲ್ಲಿ ಆರೋಪವಿದ್ದರೆ ಆರೋಪಪಟ್ಟಿಯಾದರೂ ಬರುತ್ತದೆ, ಉತ್ತರ ಕೊಡಲು ಗಡುವಾದರೂ ಇರುತ್ತದೆ. ಈ ಸಲ ಓದುವಾಗ ನಾಗಪ್ಪನ ಸ್ಥಿತಿ ನಮಗೆ ಕಚೇರಿಯಲ್ಲಿ ಕಾಣಲಿಲ್ಲ, ಮನೆಯಲ್ಲಿ ಕಂಡಿತು. ಅಪ್ಪ ಮುಖ ಗಂಟಿಕ್ಕಿಕೊಂಡು ಬರುತ್ತಾನೆ. ತಟ್ಟೆಯ ಸದ್ದು ಜೋರಾಗುತ್ತದೆ. ನೆರೆಮನೆಯ ಹುಡುಗನ ಅಂಕಗಳ ಸುದ್ದಿ ಯಾರನ್ನೂ ಉದ್ದೇಶಿಸದೆ ಹೇಳಲ್ಪಡುತ್ತದೆ. ಮಗುವಿಗೆ ತನ್ನ ಮೇಲೆ ಆರೋಪ ಇದೆಯೆಂದು ಗೊತ್ತು. ಏನು ಆರೋಪ, ಯಾವ ಶಿಕ್ಷೆ, ಎಂದಿಗೆ ಬಿಡುಗಡೆ ಎಂಬುದು ಮಾತ್ರ ಗೊತ್ತಿಲ್ಲ.

ಇದನ್ನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. ಮುಂದಿನ ಮಾತನ್ನು ನಮ್ಮ ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಅವನು ಆಗ ಹನ್ನೊಂದನೆಯ ಇಯತ್ತೆ, ವಿಜ್ಞಾನ. ವಿಜ್ಞಾನವನ್ನು ಆರಿಸಿದ್ದು ಅವನಲ್ಲ, ನಾವು. ಬಿ.ಎಸ್‌ಸಿ. ಮಾಡಿ ಫೈಲು ಹೊತ್ತದ್ದು ನಮ್ಮಲ್ಲಿಗೇ ಮುಗಿಯಲಿ, ಅವನಾದರೂ ಎಂಜಿನಿಯರ್ ಆಗಲಿ ಎಂಬ ಆಸೆ. ಮೊದಲ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ, ನಮಗೆ ಹೇಳಲಿಲ್ಲ. ಅಂದಿನಿಂದ ಆರು ವಾರ, ಬೆಳಗ್ಗೆ ಡಬ್ಬಿ ಹಿಡಿದು ಹೊರಟು, ಲೋಕಲ್ ಹತ್ತಿ, ವಿ.ಟಿ.ಯವರೆಗೆ ಹೋಗಿ ಅದೇ ಗಾಡಿಯಲ್ಲಿ ಹಿಂದೆ ಬರುತ್ತ, ಮತ್ತೆ ಹೋಗುತ್ತ ದಿನ ಕಳೆದ. ಕ್ಲಾಸಿನವರು ಫೋನ್ ಮಾಡಿದಾಗ ವಿಷಯ ಬಯಲಾಯಿತು. ಡಬ್ಬಿಯ ಚಪಾತಿ ಹಾಗೆಯೇ ಮರಳಿ ಬರುತ್ತಿರುವುದನ್ನು ಮನೆಯಾಕೆ ಮೊದಲೇ ಗಮನಿಸಿದ್ದಳು. ಹೇಳಿದಾಗ, ಹೊರಗಿನ ವಡಾಪಾವ್ ರುಚಿ ಹತ್ತಿದೆ ಎಂದು ನಾವು ತಳ್ಳಿಹಾಕಿದ್ದೆವು. ಗೊತ್ತಾದ ರಾತ್ರಿ ನಾವು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಧೈರ್ಯ ನಮಗಿಲ್ಲ. ಅವನು ಎದುರಾಡಲಿಲ್ಲ. "ಅಪ್ಪ, ನಂಗೆ ಯಾಕೋ ಏನೂ ಬೇಡ ಅನ್ನಿಸ್ತದೆ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ.

ಮುಂದೆ ಅವನು ಹಾಸಿಗೆಯಿಂದ ಏಳುವುದನ್ನೇ ಬಿಟ್ಟ. ನೆರೆಯವರು ಕೇಳತೊಡಗಿದರು. ನಾವು ಗಂಡಹೆಂಡಿರಿಬ್ಬರೂ ಕೂತು ಯೋಚಿಸಿ ಒಂದು ಉತ್ತರ ಕಟ್ಟಿದೆವು: ಕಾಮಾಲೆ.

ಕಾಮಾಲೆ ಎಂದದ್ದೇ ತಡ, ಜನ ಬಂದರು. ಒಬ್ಬರು ಎಲ್ಲಿಂದಲೋ ನೆಲನೆಲ್ಲಿ ತಂದು ಅರೆದು ಕೊಟ್ಟರು. ಒಬ್ಬರು ಎಳನೀರು, ಒಬ್ಬರು ಕಬ್ಬಿನ ತುಂಡು. ಸಂಘದ ಹಿರಿಯರೊಬ್ಬರು ಡೊಂಬಿವಲಿಯಿಂದ ಎರಡು ಗಾಡಿ ಬದಲಿಸಿ ಬಂದು ಪಥ್ಯದ ಪಟ್ಟಿ ಬರೆದುಕೊಟ್ಟರು. ಇಷ್ಟೊಂದು ಪ್ರೀತಿ ನಮ್ಮ ಸುತ್ತ ಇದೆಯೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಅದೆಲ್ಲವೂ ಇಲ್ಲದ ಕಾಯಿಲೆಗೆ ಖರ್ಚಾಯಿತು. ಇದ್ದ ಕಾಯಿಲೆಯ ಜೊತೆ ಹುಡುಗ ಒಬ್ಬನೇ ಮಲಗಿದ್ದ. ಜೊತೆಗೆ, ತನ್ನ ಕಾಯಿಲೆ ಸುಳ್ಳು ಹೇಳಬೇಕಾದಷ್ಟು ನಾಚಿಕೆಯದು ಎಂಬ ಪಾಠವನ್ನೂ ನಾವೇ ಕಲಿಸಿದ್ದೆವು. ಶರಪಂಜರದ ನೆರೆಯವರು ಕೆಟ್ಟವರು ಎಂದು ನಾವು ಕಣ್ಣೊರೆಸಿಕೊಳ್ಳುತ್ತೇವೆ. ನಮ್ಮ ನೆರೆಯವರು ಕೆಟ್ಟವರೋ ಒಳ್ಳೆಯವರೋ ಎಂದು ಪರೀಕ್ಷಿಸುವ ಅವಕಾಶವನ್ನೇ ನಾವು ಅವರಿಗೆ ಕೊಡಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಕೆಳಮಹಡಿಯ ಒಬ್ಬ ಅಕ್ಕ. ಹುಡುಗನ ಮುಖ ನೋಡಿ, "ತಮ್ಮಾ, ಕಣ್ಣು ಹಳದಿ ಇಲ್ವಲ್ಲೋ" ಎಂದರು. ಅಷ್ಟೇ. ಅವರ ಮಾತಿಗೆ ಕಟ್ಟುಬಿದ್ದು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರರು ನಿದ್ರೆ, ಊಟ, ಗೆಳೆಯರು, ಮನೆಯ ಮಾತು ಎಂದು ನಾಲ್ಕು ವಿಷಯ ಕೇಳಿದರು. ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಊಟದಲ್ಲಿ ಏರುಪೇರು ಇದ್ದರೆ ಅದನ್ನು ಸ್ವಭಾವ ಎನ್ನದೆ ತೋರಿಸಬೇಕು. ಎಳೆಯರಲ್ಲಿ ದುಃಖ ಎಷ್ಟೋ ಸಲ ಸಿಡುಕಾಗಿ ಕಾಣುತ್ತದೆ ಎಂದು ತಿಳಿಸಿದರು. ತಿಂಗಳುಗಟ್ಟಲೆ ಹಿಡಿಯಿತು. ಈಗ ಅವನು ವಾಣಿಜ್ಯ ಓದುತ್ತಿದ್ದಾನೆ; ಡಬ್ಬಿ ಖಾಲಿಯಾಗಿ ಬರುತ್ತದೆ.

ಒಂದು ಸಂಗತಿ ಅಂದಿನಿಂದ ನಮ್ಮನ್ನು ಕಾಡುತ್ತಿದೆ. "ಏನೂ ಬೇಡ ಅನ್ನಿಸ್ತದೆ" ಎಂಬುದಕ್ಕಿಂತ ಹೆಚ್ಚು ಹೇಳಲು ಅವನ ಬಳಿ ಕನ್ನಡ ಇರಲಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಮೈದಾನದಲ್ಲಿ ಮರಾಠಿ. ಮನೆಯಲ್ಲಿ ಅವನಿಗೆ ಸಿಕ್ಕ ಕನ್ನಡ ಊಟ, ಸ್ನಾನ, ಅಂಗಡಿಯ ಕನ್ನಡ. ಗೆಳೆಯರಲ್ಲಿ 'ಟೆನ್ಷನ್' ಎಂದರೆ ಸಾಕು. ಅಮ್ಮನ ಹತ್ತಿರ ಹೇಳುವುದು ಹೇಗೆ? ಬೇಸರ, ಅಳುಕು, ತಳಮಳ, ಮಂಕು, ಕಂಗಾಲು ಎಂದು ನಮ್ಮಲ್ಲಿ ಎಷ್ಟು ಶಬ್ದಗಳಿವೆ! ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. ಕನ್ನಡ ಉಳಿಸಬೇಕೆಂದು ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ಮಗು ತನ್ನ ಸಂಕಟವನ್ನು ತಾಯಿಗೆ ಹೇಳಲು ಬೇಕಾದಷ್ಟು ಕನ್ನಡ ಮನೆಯಲ್ಲಿ ಉಳಿದಿದೆಯೇ ಎಂಬುದೇ ನಿಜವಾದ ಪರೀಕ್ಷೆ.

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿತ್ತೆಂದು ತೋರುತ್ತದೆ. ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುತ್ತಿದ್ದ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ತಾಯಿಯ ಮಡಿಲು ಬಿಟ್ಟು ಬಂದ ಹದಿಮೂರು ಹದಿನಾಲ್ಕರ ಹುಡುಗನಿಗೆ ಅಲ್ಲಿ ಅಕ್ಷರಕ್ಕಿಂತ ಮೊದಲು ಸಿಗುತ್ತಿದ್ದದ್ದು ಅವನ ಭಾಷೆಯಲ್ಲಿ "ಊಟ ಆಯಿತೇನೋ?" ಎಂದು ಕೇಳುವ ಮಾಸ್ತರರು, ತನ್ನಂತೆಯೇ ಕಣ್ಣು ತೂಗುವ ನಾಲ್ಕು ಜೊತೆಗಾರರು. ಅದಕ್ಕೆ ಮಾನಸಿಕ ಆರೋಗ್ಯ ಎಂಬ ದೊಡ್ಡ ಹೆಸರನ್ನು ಯಾರೂ ಇಟ್ಟಿರಲಿಲ್ಲ.

ಇಂದು ನಮ್ಮ ಸಂಘಗಳು ಅದೇ ವಯಸ್ಸಿನ ಮಕ್ಕಳಿಗೆ ಕೊಡುತ್ತಿರುವುದು ಏನು? ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ. ತೊಂಬತ್ತು ದಾಟಿದವರ ಹೆಸರು, ಶೇಕಡಾವಾರು, ಹಾರ, ಫೋಟೋ. ಪ್ರೋತ್ಸಾಹ ಬೇಡವೆಂದಲ್ಲ. ಆದರೆ ಸಭೆಯಲ್ಲಿ ಹತ್ತು ಮಕ್ಕಳು ವೇದಿಕೆಯ ಮೇಲಿದ್ದರೆ ಅರವತ್ತು ಮಕ್ಕಳು ಕೆಳಗೆ ಕುಳಿತು ತಮ್ಮ ಅಪ್ಪ ಅಮ್ಮನ ಮುಖ ನೋಡುತ್ತಿರುತ್ತಾರೆ. ನಾವೂ ಅಂಥ ಸಭೆಯಲ್ಲಿ ಮಗನ ಪಕ್ಕದಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೇವೆ, ಒಂದು ಸಲವೂ ಪಕ್ಕಕ್ಕೆ ನೋಡದೆ.

ಟೀಕೆ ಮಾಡುವವರು ಏನಾದರೂ ಸೂಚಿಸಲೂ ಬೇಕು. ಮೂರೇ ಮಾತು. ಪುರಸ್ಕಾರದಲ್ಲಿ ಶೇಕಡಾವಾರನ್ನು ಓದುವುದನ್ನು ಬಿಡೋಣ; ಒಮ್ಮೆ ಸೋತು ಮತ್ತೆ ಬರೆದು ಪಾಸಾದ ಮಕ್ಕಳನ್ನೂ ವೇದಿಕೆಗೆ ಕರೆಯೋಣ. ತಿಂಗಳಿಗೊಂದು ಸಂಜೆ ಸಂಘದ ಕೋಣೆಯನ್ನು ಎಳೆಯರಿಗೆ ಬಿಟ್ಟುಕೊಡೋಣ. ಭಾಷಣ ಬೇಡ, ಅವರು ಯಾವ ಭಾಷೆಯಲ್ಲಾದರೂ ಹರಟಲಿ. ಮೂರನೆಯದು, ಈ ಪತ್ರಿಕೆಯಲ್ಲಿ ವಧೂವರರ ಪುಟದ ಪಕ್ಕದಲ್ಲಿ ಒಂದು ಸಂಖ್ಯೆಯನ್ನು ಪ್ರತಿ ತಿಂಗಳೂ ಅಚ್ಚು ಮಾಡೋಣ: 14416. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು, ಖರ್ಚಿಲ್ಲ. ಕನ್ನಡವೂ ಅದರ ಭಾಷೆಗಳಲ್ಲಿ ಸೇರಿದೆ.

ಆ ಭಾನುವಾರ ಹುಡುಗಿ ಪ್ರಶ್ನೆ ಕೇಳಿದಾಗ ಚಹದ ಲೋಟಗಳನ್ನು ತಂದವನು ನಮ್ಮ ಮಗನೇ. ಅವನು ನಮ್ಮ ಮುಖ ನೋಡಿದ. ನಾವು ಲೋಟ ನೋಡಿದೆವು. ಈ ಬರಹ ಓದುತ್ತಿರುವವರಲ್ಲಿ ಕೆಲವರು ಅಂದು ನಮ್ಮ ಮನೆಗೆ ನೆಲನೆಲ್ಲಿ ತಂದವರು. ಅವರಲ್ಲಿ ಕ್ಷಮೆ ಕೇಳುತ್ತೇವೆ. ಅದು ಕಾಮಾಲೆಯಾಗಿರಲಿಲ್ಲ.